ಪೆಟ್ಟಾದವರಿಗೆ ಪರಿಹಾರ: ಕೊಡಗಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ವಕೀಲೆಯಲ್ಲ. ಸುಂಟಿಕೊಪ್ಪದ ಕಡೆಯ ಒಂದು ಕಾಫಿ ತೋಟದ ಲೈನ್ ಮನೆಯಲ್ಲಿ (ಕಾರ್ಮಿಕರ ಸಾಲುಮನೆ) ಹುಟ್ಟಿ ಬೆಳೆದವಳು, ಈಗ ಪ್ಯಾರಾ ಲೀಗಲ್ ಸ್ವಯಂಸೇವಕಿ, ಅಂದರೆ ಜನರಿಗೆ ಕಾನೂನಿನ ದಾರಿ ತೋರಿಸುವವಳು. ಬಸ್ಸಿನಿಂದ ಬಿದ್ದವರು, ಬೈಕಿನಲ್ಲಿ ಕಾಲು ಮುರಿದುಕೊಂಡವರು, ಮೆಣಸಿನ ಏಣಿಯಿಂದ ಬಿದ್ದವರು ಎಕ್ಸ್‌ರೇ ಕವರ್ ಹಿಡಿದು ಬರುತ್ತಾರೆ. ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಹೆಚ್ಚಿನವರು ಬರುವುದು ತಡವಾಗಿ. ಅಷ್ಟು ಹೊತ್ತಿಗೆ ಯಾವುದೋ ಕಾಗದಕ್ಕೆ ಸಹಿ ಬಿದ್ದಿರುತ್ತದೆ, ಇಲ್ಲವೇ ಆಸ್ಪತ್ರೆಯ ದಾಖಲೆಯಲ್ಲಿ ಯಾವುದೋ ಸುಳ್ಳು ಸೇರಿಕೊಂಡಿರುತ್ತದೆ. ಅದಕ್ಕೇ ಇಷ್ಟುದ್ದ ಬರೆದಿದ್ದೇನೆ. ನಿಮ್ಮ ಕೇಸಿನ ವಿಚಾರದಲ್ಲಿ ಕೊನೆಯ ಮಾತು ನಿಮ್ಮ ವಕೀಲರದೇ.

ಅಪಘಾತ ಆದ ದಿನ ಎಲ್ಲಕ್ಕಿಂತ ಮುಖ್ಯವಾದದ್ದು ಯಾವುದು?

ಜೀವ ಮೊದಲು: 108ಕ್ಕೋ 112ಕ್ಕೋ ಕರೆ ಮಾಡಿ. ಆಮೇಲೆ ಮುಖ್ಯವಾದದ್ದು ಡಾಕ್ಟರ ಹತ್ತಿರ ಹೇಳುವ ಮೊದಲ ಮಾತು.

ಆಸ್ಪತ್ರೆಗೆ ಹೋದ ಕೂಡಲೇ "ಹೇಗಾಯ್ತು?" ಎಂದು ಕೇಳುತ್ತಾರೆ. ನೀವು ಹೇಳಿದ್ದನ್ನು ಕೇಸ್ ಶೀಟಿನಲ್ಲಿ ಒಂದು ಸಾಲಿನಲ್ಲಿ ಬರೆಯುತ್ತಾರೆ. ಎರಡು ವರ್ಷ ಬಿಟ್ಟು ವಿಮಾ ಕಂಪನಿಯ ವಕೀಲರು ಕೋರ್ಟಿನಲ್ಲಿ ಎತ್ತಿ ಓದುವುದು ಆ ಒಂದು ಸಾಲನ್ನೇ. ಪೊಲೀಸು ಗೀಲಿಸು ಯಾಕೆ ಎಂದು ಹೆದರಿ "ನಾನೇ ಬಿದ್ದೆ" ಎಂದುಬಿಟ್ಟರೆ ಅಲ್ಲಿಗೆ ಅರ್ಧ ಕೇಸು ಸೋತಂತೆ. "ಎದುರಿನಿಂದ ಬಂದ ಕಾರು ಗುದ್ದಿತು", "ತೋಟದಲ್ಲಿ ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದೆ" ಎಂದು ನಡೆದದ್ದನ್ನು ನಡೆದ ಹಾಗೇ ಹೇಳಿ. ಎಂಎಲ್‌ಸಿ (ಮೆಡಿಕೋ ಲೀಗಲ್ ಕೇಸ್ ಎಂಬ ದಾಖಲೆ) ಮಾಡಿ ಎಂದು ಕೇಳಿ. ಅದನ್ನು ಮಾಡಿದರೆ ಆಸ್ಪತ್ರೆಯಿಂದಲೇ ಪೊಲೀಸರಿಗೆ ಸುದ್ದಿ ಹೋಗುತ್ತದೆ.

ನನ್ನ ಅಪ್ಪ ಸಿಲ್ವರ್ ಓಕ್ ಮರದ ಮೇಲಿಂದ ಬಿದ್ದಾಗ ನಾನು ಒಂಬತ್ತನೇ ಕ್ಲಾಸು. ಜೀಪಿನ ಹಿಂದಿನ ಸೀಟಿನಲ್ಲಿ ಅಪ್ಪನ ತಲೆ ನನ್ನ ತೊಡೆಯ ಮೇಲಿತ್ತು, ಪಂಚೆಗೆಲ್ಲ ಮೆಣಸಿನ ತೆನೆ ಅಂಟಿಕೊಂಡಿತ್ತು. ಮುಂದೆ ಕೂತಿದ್ದ ತೋಟದ ರೈಟರ್ (ಲೆಕ್ಕ ಬರೆಯುವವರು) ತಿರುಗಿ, "ಬಚ್ಚಲಲ್ಲಿ ಜಾರಿ ಬಿದ್ದೆ ಅಂತ ಹೇಳಪ್ಪಾ, ಖರ್ಚೆಲ್ಲ ನಾವು ನೋಡ್ಕೋತೀವಿ" ಎಂದರು. ಅಪ್ಪ ಹಾಗೇ ಹೇಳಿದರು. ತೋಟದವರು ಆಸ್ಪತ್ರೆ ಬಿಲ್ಲು ಕಟ್ಟಿದ್ದೂ ನಿಜ. ಮೂರು ತಿಂಗಳಾದ ಮೇಲೆ ಫೋನು ಎತ್ತುವುದನ್ನು ಬಿಟ್ಟರು. ಅಪ್ಪ ಮತ್ತೆ ಏಣಿ ಹತ್ತಲಿಲ್ಲ. ಕೇಸು ಹಾಕೋಣವೆಂದು ಹೋದಾಗ ವಕೀಲರು ಡಿಸ್ಚಾರ್ಜ್ ಸಮ್ಮರಿಯಲ್ಲಿ "ಮನೆಯಲ್ಲಿ ಜಾರಿ ಬಿದ್ದದ್ದು" ಎಂಬ ಸಾಲಿನ ಮೇಲೆ ಬೆರಳಿಟ್ಟು ಸುಮ್ಮನಾದರು.

ಚಿಕಿತ್ಸೆಗೇ ಕೈಯಲ್ಲಿ ದುಡ್ಡಿಲ್ಲ. ಪರಿಹಾರ ಬರುವವರೆಗೆ ಏನು ಮಾಡುವುದು?

ರಸ್ತೆ ಅಪಘಾತಕ್ಕೆ 2025ರ ಮೇ ತಿಂಗಳಿಂದ ನಗದುರಹಿತ ಚಿಕಿತ್ಸೆಯ ಕೇಂದ್ರ ಯೋಜನೆ ಜಾರಿಯಲ್ಲಿದೆ. ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಅಪಘಾತವಾದ ದಿನದಿಂದ 7 ದಿನದವರೆಗೆ, ಒಬ್ಬರಿಗೆ 1.5 ಲಕ್ಷ ರೂಪಾಯಿಯವರೆಗೆ ಸಿಗುತ್ತದೆ. ತಪ್ಪು ಯಾರದು ಎಂದು ಇಲ್ಲಿ ನೋಡುವುದಿಲ್ಲ. ಮಡಿಕೇರಿಯಿಂದ ಮೈಸೂರಿಗೋ ಮಂಗಳೂರಿಗೋ ಕಳಿಸುವಾಗ, ಹೋಗುವ ಆಸ್ಪತ್ರೆ ಯೋಜನೆಯಲ್ಲಿದೆಯೇ ಎಂದು ಆಂಬುಲೆನ್ಸ್ ಹತ್ತುವ ಮೊದಲೇ ಕೇಳಿಕೊಳ್ಳಿ.

ದೂರು ಕೊಡುವುದು ಹತ್ತು ದಿನ ತಡವಾಯಿತು. ಕೇಸು ನಿಲ್ಲುತ್ತದೆಯೇ?

ನಿಲ್ಲುತ್ತದೆ. ಮೈಸೂರಿನ ಐಸಿಯು ಮುಂದೆ ಕೂತವರು ಠಾಣೆಗೆ ಓಡುವುದಕ್ಕೆ ಆಗುವುದಿಲ್ಲ ಎಂಬುದು ಕೋರ್ಟಿಗೂ ಗೊತ್ತು. ದೂರು ತಡವಾದ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸಬಾರದು ಎಂದು ಸುಪ್ರೀಂ ಕೋರ್ಟು 2011ರಲ್ಲೇ ಹೇಳಿದೆ. ಆದರೆ ತಡವಾದದ್ದು ಯಾಕೆ ಎಂದು ದೂರಿನಲ್ಲಿಯೇ ಬರೆಸಿ.

ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದ ಕಾರ್ಮಿಕರ ದೂರನ್ನು ಬೇರೆ ಯಾರೋ ಕನ್ನಡದಲ್ಲಿ ಬರೆದು ಹೆಬ್ಬೆಟ್ಟು ಒತ್ತಿಸಿಕೊಳ್ಳುವುದನ್ನು ನೋಡಿದ್ದೇನೆ. ನಮ್ಮ ಯರವ, ಕುರುಬ ಹಾಡಿಗಳವರಿಗೂ ಇದೇ ಪಾಡು. ಹೆಬ್ಬೆಟ್ಟು ಒತ್ತುವ ಮೊದಲು ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಪೂರ್ತಿ ಓದಿ ಹೇಳುವ ಒಬ್ಬರು ಜೊತೆಗಿರಲಿ.

ಇನ್ನೊಂದು. ಗುದ್ದಿದ ಗಾಡಿ ಸಿಕ್ಕಲಿಲ್ಲವೆಂದು ಪರಿಚಯದವರ ಗಾಡಿಯನ್ನು ತೋರಿಸಿ ಕೇಸು ಮಾಡಿಸುವ ಸಲಹೆ ಕೊಡುವವರು ಇದ್ದಾರೆ. ದಯವಿಟ್ಟು ಬೇಡ. ಸಿಕ್ಕಿಬಿದ್ದರೆ ಪರಿಹಾರವೂ ಹೋಯಿತು, ಮೇಲೆ ಕ್ರಿಮಿನಲ್ ಕೇಸು.

"ಕೋರ್ಟು ಕಚೇರಿ ಯಾಕೆ, ಮಾತಾಡಿ ಮುಗಿಸೋಣ" ಎನ್ನುತ್ತಿದ್ದಾರೆ. ಒಪ್ಪಿಕೊಳ್ಳಲೇ?

ಕೊಡಗಿನಲ್ಲಿ ಎಲ್ಲರೂ ಎಲ್ಲರಿಗೂ ಗೊತ್ತಿದ್ದವರೇ. ಗುದ್ದಿದವರು ಪಕ್ಕದ ಊರಿನವರು, ಇಲ್ಲವೇ ನಾವು ಕೆಲಸ ಮಾಡುವ ತೋಟದ ಸಾಹುಕಾರರ ನೆಂಟರು. ಮುಖ ಮುರಿಯಲಾಗದೆ ಇಪ್ಪತ್ತೋ ಮೂವತ್ತೋ ಸಾವಿರ ತೆಗೆದುಕೊಂಡು ಸಹಿ ಹಾಕುತ್ತಾರೆ. ಆಮೇಲೆ ಮೂಳೆ ಕೂಡಲಿಲ್ಲ, ಇನ್ನೊಂದು ಆಪರೇಷನ್ ಬೇಕು ಎನ್ನುತ್ತಾರೆ ಡಾಕ್ಟರು.

ನಾನು ಎಲ್ಲರಿಗೂ ಹೇಳುವುದು ಒಂದೇ. ರಸ್ತೆ ಅಪಘಾತದ ಪರಿಹಾರವನ್ನು ಹೆಚ್ಚಿನ ಕೇಸುಗಳಲ್ಲಿ ಕೊಡುವುದು ವಿಮಾ ಕಂಪನಿ. ಗಾಡಿಯ ಮಾಲೀಕರು ಪ್ರೀಮಿಯಂ ಕಟ್ಟಿರುವುದು ಇದಕ್ಕಾಗಿಯೇ. ವಿಮೆಯೂ ಲೈಸೆನ್ಸೂ ಸರಿಯಾಗಿದ್ದರೆ ಅರ್ಜಿ ಹಾಕಿದ್ದರಿಂದ ನೆರೆಯವನ ಮನೆ ಮುಳುಗುವುದಿಲ್ಲ. ಇದನ್ನು ಅವರಿಗೂ ಬಿಡಿಸಿ ಹೇಳಿ, ಅರ್ಧ ಮನಸ್ತಾಪ ಅಲ್ಲೇ ಕರಗುತ್ತದೆ. ಅವರು ಆಸ್ಪತ್ರೆ ಖರ್ಚಿಗೆಂದು ಕೊಟ್ಟರೆ ತೆಗೆದುಕೊಳ್ಳಿ, ಲೆಕ್ಕ ಬರೆದಿಡಿ. "ಮುಂದೆ ಯಾವ ಕ್ಲೇಮೂ ಇಲ್ಲ" ಎಂಬ ಛಾಪಾ ಕಾಗದಕ್ಕೆ ಮಾತ್ರ ಸಹಿ ಹಾಕಬೇಡಿ, ಗಾಯ ಪೂರ್ತಿ ಮಾಯುವವರೆಗಂತೂ ಬೇಡವೇ ಬೇಡ.

ಎಷ್ಟು ದಿನದೊಳಗೆ ಅರ್ಜಿ ಹಾಕಬೇಕು? ಯಾವ ಕೋರ್ಟಿಗೆ?

1988ರ ಮೋಟಾರು ವಾಹನ ಕಾಯ್ದೆಯ 166ನೇ ಸೆಕ್ಷನ್ ಪ್ರಕಾರ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ. ಹೊಸ ಕೋರ್ಟೇನಲ್ಲ, ನಮ್ಮ ನ್ಯಾಯಾಲಯಗಳ ನ್ಯಾಯಾಧೀಶರೇ ನ್ಯಾಯಮಂಡಳಿಯಾಗಿ ಕೂರುತ್ತಾರೆ. ಅಪಘಾತವಾದ ಜಾಗ, ನೀವು ವಾಸವಿರುವ ಜಾಗ, ಎದುರಾಳಿ ವಾಸವಿರುವ ಜಾಗ, ಇವುಗಳಲ್ಲಿ ಎಲ್ಲಿ ಬೇಕೋ ಅಲ್ಲಿ ಹಾಕಬಹುದು. ಹುಣಸೂರಿನಲ್ಲೋ ಮಾನಂದವಾಡಿಯಲ್ಲೋ ಅಪಘಾತವಾದ ವಿರಾಜಪೇಟೆಯವರು ಅಲ್ಲಿಗೆ ಅಲೆಯಬೇಕಾಗಿಲ್ಲ.

2022ರ ಏಪ್ರಿಲ್ 1ರಿಂದ ಗಡುವು 6 ತಿಂಗಳು. ಮೊದಲು ಗಡುವೇ ಇರಲಿಲ್ಲ, ಅದನ್ನೇ ನಂಬಿಕೊಂಡು ಕೂತವರು ಈಗಲೂ ಇದ್ದಾರೆ. ಈ ಗಡುವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ. ಗಡುವು ಮೀರಿದ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಬೇಡಿ ಎಂದು 2025ರ ನವೆಂಬರಿನಲ್ಲಿ ಮಧ್ಯಂತರ ಆದೇಶವೂ ಬಂದಿದೆ. ತಡವಾಗಿ ಹೋದವರು ಕೈಚೆಲ್ಲಬೇಡಿ. ಇನ್ನೂ ಸಮಯವಿರುವವರು ಮಾತ್ರ ಆ ಆದೇಶವನ್ನು ನೆಚ್ಚಿಕೊಂಡು ಕೂರಬೇಡಿ.

ಗಾಡಿ ನಂಬರ್ ಗೊತ್ತಿದ್ದರೆ ವಿಮೆ ಇದೆಯೇ ಎಂಬುದನ್ನು ಎಂ-ಪರಿವಾಹನ್ ಆಪ್‌ನಲ್ಲಿ ನೋಡಬಹುದು. ಕೆಎಸ್‌ಆರ್‌ಟಿಸಿ ಬಸ್ಸಾದರೆ ಹೊಣೆ ನಿಗಮದ್ದೇ.

ಪರಿಹಾರದ ಮೊತ್ತವನ್ನು ಹೇಗೆ ಲೆಕ್ಕ ಹಾಕುತ್ತಾರೆ?

ನ್ಯಾಯಾಧೀಶರು ಮನಸ್ಸಿಗೆ ಬಂದಷ್ಟು ಬರೆಯುವುದಲ್ಲ, ಇದಕ್ಕೊಂದು ದಾರಿಯಿದೆ. ಗಾಯಾಳುಗಳ ಪರಿಹಾರದ ಬಗ್ಗೆ ಸುಪ್ರೀಂ ಕೋರ್ಟು 2010ರಲ್ಲಿ ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್ ಕೇಸಿನಲ್ಲಿ ಕೊಟ್ಟ ತೀರ್ಪೇ ಇಂದಿಗೂ ಕೈಮರ. ಆಸ್ಪತ್ರೆ, ಔಷಧಿ, ಓಡಾಟ, ಪಥ್ಯದ ಊಟ, ನೋಡಿಕೊಳ್ಳುವವರ ಖರ್ಚು, ಹಾಸಿಗೆ ಹಿಡಿದ ತಿಂಗಳುಗಳ ಕೂಲಿ, ಮುಂದೆ ಬೇಕಾಗುವ ಚಿಕಿತ್ಸೆ, ನೋವು ಸಂಕಟ, ಬದುಕಿನ ಸೌಖ್ಯ ಕಳೆದದ್ದು, ಇದಿಷ್ಟಕ್ಕೂ ಬೇರೆ ಬೇರೆ ಮೊತ್ತ. ಇವೆಲ್ಲಕ್ಕಿಂತ ದೊಡ್ಡ ಬಾಬ್ತು ಮುಂದಿನ ದುಡಿಮೆಯ ನಷ್ಟ.

ಅದನ್ನು ಒಂದು ಉದಾಹರಣೆಯಲ್ಲಿ ಹೇಳುತ್ತೇನೆ. 34 ವರ್ಷದ ಒಬ್ಬ ಕಾರ್ಮಿಕನ ತಿಂಗಳ ದುಡಿಮೆ 15,000 ರೂ. ಎಂದಿಟ್ಟುಕೊಳ್ಳಿ. ಮುಂದೆ ದುಡಿಮೆ ಹೆಚ್ಚುತ್ತಿತ್ತು ಎಂಬ ಲೆಕ್ಕಕ್ಕೆ, ಖಾಯಂ ನೌಕರಿಯಿಲ್ಲದ, 40 ದಾಟದವರಿಗೆ ಶೇ. 40 ಸೇರಿಸುತ್ತಾರೆ. ಇದು 2017ರ ಪ್ರಣಯ್ ಸೇಠಿ ತೀರ್ಪಿನಿಂದ ಬಂದದ್ದು, ಗಾಯಾಳುಗಳಿಗೂ ಅನ್ವಯ ಎಂದು 2020ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಅಲ್ಲಿಗೆ ತಿಂಗಳಿಗೆ 21,000, ವರ್ಷಕ್ಕೆ 2,52,000. ಇದನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸುತ್ತಾರೆ. 2009ರ ಸರಳಾ ವರ್ಮಾ ತೀರ್ಪಿನ ಪಟ್ಟಿಯಲ್ಲಿ 31ರಿಂದ 35 ವಯಸ್ಸಿನವರಿಗೆ ಗುಣಕ 16. ಒಟ್ಟು 40,32,000. ಇದರಲ್ಲಿ ದುಡಿಯುವ ಶಕ್ತಿ ಎಷ್ಟು ಪಾಲು ಹೋಯಿತೋ ಅಷ್ಟು ನಿಮಗೆ. ಶೇ. 12 ಎಂದು ಹಿಡಿದರೆ 4,83,840 ರೂ. ಶೇ. 30 ಎಂದು ಹಿಡಿದರೆ 12,09,600 ರೂ.

ಅದೇ ಮನುಷ್ಯ, ಅದೇ ಕಾಲು. ಒಂದು ಅಂಕೆ ಬದಲಾದದ್ದಕ್ಕೆ ಏಳು ಲಕ್ಷಕ್ಕೂ ಹೆಚ್ಚು ವ್ಯತ್ಯಾಸ. ಆದ್ದರಿಂದ ಮುಂದಿನ ಪ್ರಶ್ನೆಯನ್ನು ಗಮನವಿಟ್ಟು ಓದಿ.

ಡಾಕ್ಟರು ಶೇ. 36 ಊನ ಎಂದು ಬರೆದುಕೊಟ್ಟರು. ಕೋರ್ಟು ಶೇ. 12 ಮಾತ್ರ ಹಿಡಿಯಿತು. ಮೋಸ ಅಲ್ಲವೇ?

ಮೋಸವಲ್ಲ. ಆದರೆ ಅಲ್ಲಿಗೇ ಒಪ್ಪಿಕೊಂಡು ಕೂರಬೇಕಾಗಿಯೂ ಇಲ್ಲ. ಡಾಕ್ಟರು ಹೇಳಿದ್ದು ಆ ಒಂದು ಕಾಲಿನ ಊನ. ನಮ್ಮ ಕೋರ್ಟುಗಳಲ್ಲಿ ಅದರ ಮೂರನೇ ಒಂದು ಭಾಗವನ್ನು ಇಡೀ ದೇಹದ ಊನವೆಂದು ಹಿಡಿಯುವ ರೂಢಿ ಇದೆ. ಆದರೆ ಕಾನೂನು ಕೇಳುವುದು ಬೇರೆ ಪ್ರಶ್ನೆ: ಈ ಊನದಿಂದ ಈ ಮನುಷ್ಯನ ಈ ಕೆಲಸಕ್ಕೆ ಎಷ್ಟು ಪೆಟ್ಟು ಬಿತ್ತು? ರಾಜ್ ಕುಮಾರ್ ತೀರ್ಪಿನಲ್ಲೇ ಉದಾಹರಣೆಯಿದೆ. ಎಡಗೈ ಕಳೆದುಕೊಂಡವನು ಡ್ರೈವರೋ ಬಡಗಿಯೋ ಆಗಿದ್ದರೆ ದುಡಿಮೆ ಪೂರ್ತಿ ಹೋದ ಹಾಗೆ. ಸರ್ಕಾರಿ ಕಚೇರಿಯ ಗುಮಾಸ್ತನಾಗಿದ್ದರೆ ಹಾಗಾಗುವುದಿಲ್ಲ.

ಇದನ್ನು ನಮ್ಮ ಕೆಲಸಕ್ಕೆ ತಂದು ನೋಡಿ. ಮಡಿಕೇರಿ ಸುತ್ತಮುತ್ತ ಸಮತಟ್ಟಾದ ತೋಟ ಎಲ್ಲಿದೆ? ಏರು, ಇಳಿಜಾರು, ಮಳೆಗಾಲದಲ್ಲಿ ಜಾರುವ ಕೆಮ್ಮಣ್ಣು. ಮರಗಸಿ (ನೆರಳಿನ ಮರದ ಕೊಂಬೆ ಸವರುವ ಕೆಲಸ) ಮಾಡುವವನು ಕತ್ತಿ ಹಿಡಿದು ಮರ ಹತ್ತಬೇಕು. ಮೆಣಸು ಕೊಯ್ಯುವವನು ಏಣಿಯ ಮೇಲೆ ಒಂದು ಕಾಲಿನ ಬಲದಲ್ಲಿ ನಿಂತು ಕೈ ಚಾಚಬೇಕು. ಉದುರಿದ ಕಾಫಿ ಹಣ್ಣು ಹೆಕ್ಕುವ ಹೆಂಗಸು ದಿನವಿಡೀ ಕುಕ್ಕರಗಾಲಿನಲ್ಲಿ ಕೂರಬೇಕು. ಮೊಣಕಾಲು ಪೂರ್ತಿ ಮಡಚದಿದ್ದರೆ ಈ ಯಾವ ಕೆಲಸವೂ ಆಗುವುದಿಲ್ಲ.

ಒಬ್ಬ ಹೆಂಗಸಿನ ಸಾಕ್ಷ್ಯದ ದಿನ ನಾನು ಕೋರ್ಟಿನಲ್ಲಿದ್ದೆ. "ನಡೆಯಲು ಆಗುತ್ತದೆಯೇ?" ಎಂದು ಎದುರಿನ ವಕೀಲರು ಕೇಳಿದರು, "ಆಗುತ್ತದೆ" ಎಂದಳು. "ಇಲ್ಲಿಗೆ ಹೇಗೆ ಬಂದಿರಿ?" ಎಂದರು, "ಬಸ್ಸಿನಲ್ಲಿ" ಎಂದಳು. ಎರಡೂ ಸತ್ಯ. ಹಣ್ಣು ಹೆಕ್ಕಲು ಕೂರುವುದಕ್ಕೆ ಆಗುತ್ತದೆಯೇ ಎಂದು ಅವಳ ಕಡೆಯವರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂರಲು ಕಂಬ ಹಿಡಿದುಕೊಂಡು, ಒಂದು ಕಾಲನ್ನು ಉದ್ದಕ್ಕೆ ಚಾಚಿಯೇ ಕೂತಳು. ಅದನ್ನು ನೋಡಬೇಕಾದವರು ಒಳಗಿದ್ದರು.

ಹಾಗಾಗಿ ವಕೀಲರ ಹತ್ತಿರ ಹೋಗುವ ಮೊದಲು ಒಂದು ಹಾಳೆಯಲ್ಲಿ ಬರೆಯಿರಿ: ಪೆಟ್ಟಾಗುವ ಮೊದಲು ಬೆಳಿಗ್ಗೆಯಿಂದ ಸಂಜೆಯವರೆಗೆ ಏನೇನು ಮಾಡುತ್ತಿದ್ದೆ, ಈಗ ಅದರಲ್ಲಿ ಯಾವುದು ಆಗುವುದಿಲ್ಲ. ಚಿಕಿತ್ಸೆ ಕೊಟ್ಟ ಡಾಕ್ಟರು ಸಾಕ್ಷಿ ಹೇಳುವಂತೆ ನೋಡಿಕೊಳ್ಳಿ, ಆ ಹಾಳೆಯನ್ನು ಅವರಿಗೂ ತೋರಿಸಿ. ಬರೀ ಸರ್ಟಿಫಿಕೇಟ್ ಹಾಜರುಪಡಿಸಿದರೆ ಅದಕ್ಕೆ ತೂಕ ಕಡಿಮೆ.

ಸಂಬಳದ ಚೀಟಿ ಇಲ್ಲ. ಮನೆಯಲ್ಲೇ ಇರುವ ಹೆಂಗಸರಿಗೆ ದುಡಿಮೆಯ ಲೆಕ್ಕ ಹೇಗೆ?

ತೋಟದ ಚೆಕ್‌ರೋಲ್ (ಹಾಜರಿ, ಕೂಲಿಯ ಪಟ್ಟಿ), ಬ್ಯಾಂಕ್ ಪಾಸ್‌ಬುಕ್, ಮೇಸ್ತ್ರಿಯ ಹಾಜರಿ ಪುಸ್ತಕದ ಫೋಟೋ, ಸ್ವಸಹಾಯ ಸಂಘದ ಸಾಲದ ಪುಸ್ತಕ, ಯಾವುದಾದರೂ ಸರಿ. ಏನೂ ಇಲ್ಲದಿದ್ದರೂ ಸೊನ್ನೆ ಎಂದು ಹಿಡಿಯುವುದಿಲ್ಲ. ಲೋಕ ಅದಾಲತ್‌ಗಾಗಿ ಕರ್ನಾಟಕ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ ಮಾಡಿರುವ ವರ್ಷವಾರು ಅಂದಾಜು ಆದಾಯದ ಪಟ್ಟಿಯನ್ನೇ ನಮ್ಮ ಕೋರ್ಟುಗಳು ಸಾಮಾನ್ಯವಾಗಿ ನೋಡುತ್ತವೆ. ಮನೆಗೆಲಸಕ್ಕೂ ಬೆಲೆಯಿದೆ ಎಂದು ಸುಪ್ರೀಂ ಕೋರ್ಟು 2010ರಲ್ಲೂ 2021ರಲ್ಲೂ ಹೇಳಿದೆ. "ಏನೂ ಕೆಲಸವಿಲ್ಲ, ಮನೆಯಲ್ಲಿದ್ದೇನೆ" ಎಂದು ಹೇಳುವ ಅಕ್ಕಂದಿರೇ, ನೀರು ಹೊತ್ತು, ಸೌದೆ ಒಡೆದು, ಹಂದಿ ಕೋಳಿ ಸಾಕಿ, ಮಕ್ಕಳನ್ನು ನೋಡಿಕೊಂಡವರು ನೀವು. ಹಾಗೇ ಹೇಳಿ.

ಹೆಲ್ಮೆಟ್ ಇರಲಿಲ್ಲ. ಬೈಕಿನಲ್ಲಿ ಮೂವರಿದ್ದೆವು. ಏನೂ ಸಿಗುವುದಿಲ್ಲವೇ?

ಸಿಗುತ್ತದೆ. ನಿಮ್ಮ ತಪ್ಪಿನಿಂದ ಅಪಘಾತವಾಯಿತೇ ಎಂಬುದು ಪ್ರಶ್ನೆ. ಮೂವರು ಕೂತದ್ದು ಕಾನೂನು ಮುರಿದ ಹಾಗೆ ನಿಜ. ಆದರೆ ಅದರಿಂದಲೇ ಅಪಘಾತವಾಯಿತು ಅಥವಾ ಪೆಟ್ಟು ಹೆಚ್ಚಾಯಿತು ಎಂದು ತೋರಿಸದೆ ಪರಿಹಾರ ಕತ್ತರಿಸುವಂತಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಹೆಲ್ಮೆಟ್ ಇಲ್ಲದೆ ತಲೆಗೆ ಪೆಟ್ಟಾಗಿದ್ದರೆ ಒಂದಿಷ್ಟು ಕತ್ತರಿಸಿ ಎಂದು ವಿಮಾ ಕಂಪನಿ ವಾದಿಸಿಯೇ ವಾದಿಸುತ್ತದೆ. ಅದಕ್ಕೆ ತಯಾರಿರಿ.

ಬೇರೆ ಗಾಡಿಯೇ ಇಲ್ಲ, ನೀವೇ ಜಾರಿ ಬಿದ್ದಿರಿ ಎಂದಾದರೆ ದಾರಿ ಬೇರೆ. ಗಾಡಿಯ ಮಾಲೀಕರೇ ಓಡಿಸುತ್ತಿದ್ದರೆ ವಿಮೆಯ ಜೊತೆಗಿರುವ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆಯನ್ನು ನೋಡಿ. ಹಿಂದೆ ಕೂತವರು ಸವಾರನ ತಪ್ಪಿನ ಮೇಲೆ ಅರ್ಜಿ ಹಾಕಬಹುದು. ಪಾಲಿಸಿ ಪ್ಯಾಕೇಜ್ (ಎಲ್ಲ ಸೇರಿಸಿ ಮಾಡಿಸಿದ ವಿಮೆ) ಆಗಿದ್ದರೆ ವಿಮಾ ಕಂಪನಿ ಕೊಡುತ್ತದೆ, ಬರೀ ಥರ್ಡ್ ಪಾರ್ಟಿ (ಹೊರಗಿನವರಿಗಾದ ಪೆಟ್ಟಿಗೆ ಮಾತ್ರ ಮಾಡಿಸಿದ ವಿಮೆ) ಆಗಿದ್ದರೆ ಹಿಂದೆ ಕೂತವರಿಗೆ ರಕ್ಷಣೆಯಿಲ್ಲ. ವರ್ಷಕ್ಕೆ ಸ್ವಲ್ಪ ಹಣ ಉಳಿಸಲು ಥರ್ಡ್ ಪಾರ್ಟಿ ಮಾತ್ರ ಮಾಡಿಸುವವರು ಹಿಂದೆ ಹೆಂಡತಿ ಮಕ್ಕಳು ಕೂರುತ್ತಾರೆ ಎಂಬುದನ್ನು ನೆನೆಯಲಿ.

ಪಿಕಪ್ ಗಾಡಿಯಲ್ಲಿ ಕೂಲಿಗೆ ಹೋಗುವಾಗ ಮಗುಚಿತು. ವಿಮೆ ಸಿಗುತ್ತದೆಯೇ?

ನನಗೆ ಅತಿ ಹೆಚ್ಚು ಸಂಕಟ ತರುವ ಪ್ರಶ್ನೆ ಇದು. ಕಾಫಿ ಕೊಯ್ಲಿನ ಕಾಲದಲ್ಲಿ ಬೆಳಿಗ್ಗೆ ಏಳು ಗಂಟೆಗೆ ಯಾವ ರಸ್ತೆಯಲ್ಲಿ ನಿಂತರೂ ಕಾಣುತ್ತದೆ: ಸಾಮಾನು ಸಾಗಿಸುವ ಪಿಕಪ್‌ನ ಹಿಂದೆ ಇಪ್ಪತ್ತು ಜನ ನಿಂತಿರುತ್ತಾರೆ, ಬುತ್ತಿ ಚೀಲ ಸರಳಿಗೆ ನೇತಾಡುತ್ತಿರುತ್ತದೆ.

ಸರಕು ಗಾಡಿಯಲ್ಲಿ ಸುಮ್ಮನೆ ಪ್ರಯಾಣಿಸುವವರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟು 2002ರಲ್ಲಿ ಆಶಾ ರಾಣಿ ಕೇಸಿನಲ್ಲಿ ತೀರ್ಮಾನಿಸಿದೆ. ಆಗ ಹೊಣೆಯೆಲ್ಲ ಗಾಡಿಯ ಮಾಲೀಕರ ತಲೆ ಮೇಲೆ. ಅವರ ಹತ್ತಿರ ಹಣವಿಲ್ಲದಿದ್ದರೆ ತೀರ್ಪು ಕೈಯಲ್ಲಿ, ಹೊಟ್ಟೆಗಿಲ್ಲ. ಕೆಲವು ಕೇಸುಗಳಲ್ಲಿ ಮೊದಲು ವಿಮಾ ಕಂಪನಿ ಕೊಟ್ಟು ಆಮೇಲೆ ಮಾಲೀಕರಿಂದ ವಸೂಲು ಮಾಡಿಕೊಳ್ಳಲಿ ಎಂದು ಆದೇಶವಾಗುತ್ತದೆ. ಅದನ್ನು ಕೇಳಿಕೊಳ್ಳಲು ವಕೀಲರಿಗೆ ಮರೆಯದೆ ಹೇಳಿ. ಎದುರಿನ ಗಾಡಿಯ ತಪ್ಪಿದ್ದರೆ ಅದರ ವಿಮಾ ಕಂಪನಿಗೆ ನೀವು ಮೂರನೆಯವರು, ಅಲ್ಲಿ ಈ ತೊಡಕಿಲ್ಲ.

ಗಾಡಿಯೂ ತೋಟದ್ದೇ, ಹೋಗುತ್ತಿದ್ದದ್ದೂ ಅದೇ ತೋಟದ ಕೆಲಸಕ್ಕೆ ಎಂದಾದರೆ ನೌಕರರ ಪರಿಹಾರದ ದಾರಿಯೂ ಇದೆ (ಅದನ್ನು ಮುಂದೆ ತೋಟದ ಕೆಲಸದ ಪ್ರಶ್ನೆಯಲ್ಲಿ ಹೇಳಿದ್ದೇನೆ). ಆದರೆ ಎರಡರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಬೇಕು, ಎರಡೂ ಕಡೆ ಪರಿಹಾರ ಪಡೆಯುವಂತಿಲ್ಲ. ಯಾವುದು ಲಾಭ ಎಂದು ಲೆಕ್ಕ ಹಾಕಿಸಿ ಆಮೇಲೆ ಹೆಜ್ಜೆ ಇಡಿ.

ಪ್ರಯಾಣಿಕರ ಜೀಪಿನಲ್ಲಿ ಸೀಟಿಗಿಂತ ಹೆಚ್ಚು ಜನರಿದ್ದರೆ, ವಿಮೆಯಿರುವ ಸೀಟುಗಳ ಲೆಕ್ಕಕ್ಕೆ ಮಾತ್ರ ಕಂಪನಿ ಹೊಣೆ ಎಂದು 2007ರ ತೀರ್ಪಿದೆ. ಹತ್ತು ಸೀಟಿನ ಜೀಪಿನಲ್ಲಿ ಇಪ್ಪತ್ತು ಜನ ಗಾಯಗೊಂಡರೆ ಆ ಹಣವನ್ನೇ ಹಂಚಿಕೊಳ್ಳಬೇಕಾಗುತ್ತದೆ. ತೋಟದ ಮಾಲೀಕರು ಇದನ್ನು ಓದುತ್ತಿದ್ದರೆ ಕೈಮುಗಿದು ಕೇಳುತ್ತೇನೆ, ಜನರನ್ನು ಜನರ ಗಾಡಿಯಲ್ಲಿ ಕರೆಸಿ.

ಗುದ್ದಿದ ಗಾಡಿ ನಿಲ್ಲದೆ ಹೋಯಿತು. ನಂಬರೂ ಗೊತ್ತಿಲ್ಲ.

ಸಂಪಾಜೆ ಘಾಟಿಯಲ್ಲಿ, ಮಾಕುಟ್ಟ ರಸ್ತೆಯಲ್ಲಿ ರಾತ್ರಿ ಹೊತ್ತು ಮಂಜು ಕವಿದಾಗ ಹೀಗಾಗುತ್ತದೆ. ಹೀಗೆ ಗುದ್ದಿ ಓಡಿಹೋದ ಕೇಸುಗಳಿಗೆಂದೇ ಇರುವ 2022ರ ಯೋಜನೆಯಡಿ ತೀವ್ರ ಗಾಯಕ್ಕೆ 50,000, ಸಾವಿಗೆ 2 ಲಕ್ಷ ರೂಪಾಯಿ ಸಿಗುತ್ತದೆ. ಕೋರ್ಟಿಗಲ್ಲ, ತಹಶೀಲ್ದಾರರಿಗೋ ಉಪವಿಭಾಗಾಧಿಕಾರಿಗೋ ಅರ್ಜಿ. ಪೊಲೀಸ್ ದೂರು ಇರಲೇಬೇಕು. ಮೊತ್ತ ಸಣ್ಣದು. ಹಾಗೆಂದು ಬಿಡಬೇಡಿ. ಹಾದಿಯಲ್ಲಿನ ಪೆಟ್ರೋಲ್ ಬಂಕ್, ಚೆಕ್‌ಪೋಸ್ಟ್‌ಗಳ ಸಿಸಿಟಿವಿ ನೋಡಿಸಿ ಎಂದು ಠಾಣೆಯಲ್ಲಿ ಬರವಣಿಗೆಯಲ್ಲಿ ಬೇಗ ಕೇಳಿ. ದಿನ ಕಳೆದರೆ ದೃಶ್ಯ ಅಳಿಸಿಹೋಗುತ್ತದೆ.

ತೋಟದ ಕೆಲಸದಲ್ಲಿ ಪೆಟ್ಟಾದರೆ? ತಪ್ಪು ನನ್ನದೇ ಎನ್ನುತ್ತಿದ್ದಾರೆ.

1923ರ ನೌಕರರ ಪರಿಹಾರ ಕಾಯ್ದೆಯ ದೊಡ್ಡ ಗುಣವೆಂದರೆ ಮಾಲೀಕರ ತಪ್ಪು ತೋರಿಸಬೇಕಾಗಿಲ್ಲ. ಕೆಲಸದಲ್ಲಿ, ಕೆಲಸದಿಂದ ಗಾಯವಾಯಿತು ಎಂದರೆ ಸಾಕು. 2025ರ ನವೆಂಬರ್ 21ರಿಂದ ಈ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ತಿರುಳು ಅದೇ. ಮನೆಯಿಂದ ಕೆಲಸಕ್ಕೆ ಹೋಗಿಬರುವ ದಾರಿಯ ಅಪಘಾತವೂ, ಕೆಲಸದೊಂದಿಗೆ ನಂಟು ತೋರಿಸಿದರೆ, ಒಳಗೆ ಬರುತ್ತದೆ. ಪ್ಲಾಂಟೇಷನ್‌ನಲ್ಲಿ ಮಾಲೀಕರು ಕೊಟ್ಟ ಮನೆ ಕುಸಿದು ಕಾರ್ಮಿಕರಿಗೋ ಮನೆಯವರಿಗೋ ಗಾಯವಾದರೂ ಹೊಣೆ ಮಾಲೀಕರದೇ. ಅದು ಕೇವಲ ವಾಸವಿದ್ದವರ ತಪ್ಪಿನಿಂದ ಅಥವಾ ಪ್ರಕೃತಿ ವಿಕೋಪದಿಂದ ಆಗಿದ್ದರೆ ಮಾತ್ರ ವಿನಾಯಿತಿ. ಮಳೆಗೆ ಗೋಡೆ ಬಿದ್ದಿತು ಎಂದ ಕೂಡಲೇ ಎಲ್ಲವೂ ವಿಕೋಪವಲ್ಲ. ಮೂರು ವರ್ಷದಿಂದ ಬಿರುಕು ಬಿಟ್ಟ ಗೋಡೆಯ ಫೋಟೋ ಇದ್ದರೆ ಅದು ಮಾತಾಡುತ್ತದೆ.

ಲೆಕ್ಕ ಹೀಗೆ. ಶಾಶ್ವತ ಪೂರ್ಣ ಅಸಾಮರ್ಥ್ಯಕ್ಕೆ ತಿಂಗಳ ಕೂಲಿಯ ಶೇ. 60ನ್ನು ವಯಸ್ಸಿನ ಗುಣಕದಿಂದ ಗುಣಿಸುತ್ತಾರೆ. ಭಾಗಶಃ ಊನವಾದರೆ ಅದರಲ್ಲಿ ಶೇಕಡಾ ಪಾಲು. ಇದು ರಸ್ತೆ ಅಪಘಾತದ ಗುಣಕವಲ್ಲ, ಈ ಕಾನೂನಿನದೇ ಬೇರೆ ಪಟ್ಟಿ: 40 ವರ್ಷಕ್ಕೆ ಗುಣಕ 184.17. ಕೂಲಿ 15,000 ಎಂದು ಹಿಡಿದರೆ 9,000ಕ್ಕೆ 184.17 ಗುಣಿಸಿ 16,57,530. ಗಿಡ ಕತ್ತರಿಸುವ ಮೆಷಿನ್‌ಗೆ ಹೆಬ್ಬೆರಳು ಪೂರ್ತಿ ಹೋಯಿತು ಎಂದುಕೊಳ್ಳಿ, ಕಾನೂನಿನ ಗಾಯಗಳ ಪಟ್ಟಿಯಲ್ಲಿ ಹೆಬ್ಬೆರಳಿಗೆ ಶೇ. 30. ಅಂದರೆ 4,97,259 ರೂ. "ಐದು ಸಾವಿರ ಇಟ್ಕೋ" ಎಂದು ಕೊಟ್ಟು ಕಳಿಸುವವರಿಗೂ, ಅದನ್ನು ಇಟ್ಟುಕೊಂಡು ಸುಮ್ಮನಾಗುವವರಿಗೂ ಈ ಅಂಕೆ ಗೊತ್ತಿರಲಿ.

ಅರ್ಜಿಗೆ 2 ವರ್ಷ ಸಮಯ. ಮಾಲೀಕರು ಒಂದು ತಿಂಗಳೊಳಗೆ ಕೊಡದಿದ್ದರೆ ಶೇ. 12 ಬಡ್ಡಿ, ಸರಿಯಾದ ಕಾರಣವಿಲ್ಲದಿದ್ದರೆ ಮೇಲೆ ಶೇ. 50ರವರೆಗೆ ದಂಡ. ಗಾಯವಾದ ಕೂಡಲೇ ಮಾಲೀಕರಿಗೆ ಬರವಣಿಗೆಯಲ್ಲಿ ತಿಳಿಸಿ. ವಾಟ್ಸಾಪ್ ಸಂದೇಶವನ್ನಾದರೂ ಕಳಿಸಿ, ಅಳಿಸಬೇಡಿ.

ಅಲ್ಯೂಮಿನಿಯಂ ಏಣಿ ಕರೆಂಟ್ ತಂತಿಗೆ ತಾಗಿತು.

ಮೆಣಸಿನ ಕಾಲದಲ್ಲಿ ನಮ್ಮ ಜಿಲ್ಲೆಯಲ್ಲಿ ಇಂಥ ಸುದ್ದಿ ಬರದ ವರ್ಷ ನನಗೆ ನೆನಪಿಲ್ಲ. ಇಲ್ಲಿ ಎರಡು ಹೊಣೆ. ಕೆಲಸಕ್ಕೆ ಹಚ್ಚಿದ ಮಾಲೀಕರದು ಮೇಲೆ ಹೇಳಿದ ಹಾಗೆ. ವಿದ್ಯುತ್ ಕಂಪನಿಯದು ಬೇರೆ: ಅಪಾಯದ ವಸ್ತುವನ್ನು ಹರಿಸುವವರು ನಿರ್ಲಕ್ಷ್ಯವಿಲ್ಲದಿದ್ದರೂ ಹೊಣೆ ಹೊರಬೇಕು ಎಂದು 2002ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಕೊಡಗಿಗೆ ಕರೆಂಟು ಕೊಡುವುದು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ. ತಂತಿ ನೆಲದಿಂದ ಎಷ್ಟು ಎತ್ತರದಲ್ಲಿತ್ತು ಎಂಬುದೇ ಇಂಥ ಕೇಸಿನ ಜೀವ. ಅದನ್ನು ಸರಿಪಡಿಸುವ ಮೊದಲೇ ಫೋಟೋ, ವಿಡಿಯೋ ತೆಗೆದಿಡಿ.

ಆನೆ ತುಳಿಯಿತು. ಯಾರ ಮೇಲೆ ಕೇಸು ಹಾಕುವುದು?

ಕೇಸಲ್ಲ, ಅರಣ್ಯ ಇಲಾಖೆಗೆ ಅರ್ಜಿ. ವಲಯ ಅರಣ್ಯ ಕಚೇರಿಗೆ ಅವತ್ತೇ ತಿಳಿಸಿ, ಅವರು ಬಂದು ಮಹಜರು ಮಾಡುವವರೆಗೆ ಜಾಗವನ್ನು ಹಾಗೇ ಬಿಡಿ. ಶಾಶ್ವತ ಊನಕ್ಕೂ ಚಿಕಿತ್ಸೆಗೂ ಸರ್ಕಾರ ನಿಗದಿ ಮಾಡಿದ ಮೊತ್ತವಿದೆ. ಸರ್ಕಾರ ಆಗಾಗ ಏರಿಸುತ್ತದೆ, ಈಗ ಎಷ್ಟು ಎಂದು ಅಲ್ಲೇ ಕೇಳಿ. ಸಾವಿನ ಪರಿಹಾರ 7.5 ಲಕ್ಷದಿಂದ 15 ಲಕ್ಷಕ್ಕೆ ಏರಿದ್ದು ಜನ ಬೀದಿಗಿಳಿದು ಕೇಳಿದ ಮೇಲೆ. ಕೆಲಸದ ಹೊತ್ತಿನಲ್ಲಿ ತೋಟದೊಳಗೇ ಆದದ್ದಾದರೆ ಮಾಲೀಕರ ಹೊಣೆಯ ಬಗ್ಗೆಯೂ ವಕೀಲರನ್ನು ಕೇಳಿ.

ಪ್ರವಾಸಕ್ಕೆ ಬಂದವರು ಮಾಂದಲಪಟ್ಟಿ ಜೀಪಿನಲ್ಲಿ, ರಾಫ್ಟಿಂಗ್‌ನಲ್ಲಿ ಗಾಯಗೊಂಡರೆ?

ಜೀಪು ಮೋಟಾರು ವಾಹನವೇ, ನ್ಯಾಯಮಂಡಳಿಗೆ ಹೋಗಬೇಕು. ರಾಫ್ಟಿಂಗ್, ಹೋಂಸ್ಟೇಗಳದ್ದು ಹಣ ಕೊಟ್ಟು ಪಡೆದ ಸೇವೆ, 2 ವರ್ಷದೊಳಗೆ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. "ನನ್ನ ಸ್ವಂತ ಜವಾಬ್ದಾರಿ" ಎಂಬ ಫಾರಂಗೆ ಸಹಿ ಹಾಕಿಸಿಕೊಂಡ ಮಾತ್ರಕ್ಕೆ ನಡೆಸುವವರ ನಿರ್ಲಕ್ಷ್ಯದ ಹೊಣೆ ಕಳಚಿಹೋಗುವುದಿಲ್ಲ.

ವಕೀಲರಿಗೆ ಎಷ್ಟು ಕೊಡಬೇಕು? ಬಂದದ್ದರಲ್ಲಿ ಪರ್ಸೆಂಟ್ ಕೇಳುತ್ತಿದ್ದಾರೆ.

ಗೆದ್ದ ಹಣದಲ್ಲಿ ಪಾಲು ಕೇಳುವುದು ಭಾರತೀಯ ವಕೀಲರ ಪರಿಷತ್ತಿನ ನಿಯಮಕ್ಕೆ ವಿರುದ್ಧ. ಫೀ ಎಷ್ಟು ಎಂದು ಮೊದಲೇ ಮಾತಾಡಿ, ರಸೀದಿ ಕೇಳಿ. ಖಾಲಿ ಚೆಕ್ಕು, ಎಟಿಎಂ ಕಾರ್ಡು, ಪಾಸ್‌ಬುಕ್ ಯಾರಿಗೂ ಕೊಡಬೇಡಿ. ಆಸ್ಪತ್ರೆಯ ಮಂಚದ ಹತ್ತಿರವೇ ಬಂದು "ನಾನು ಎಲ್ಲ ಮಾಡಿಸಿಕೊಡ್ತೀನಿ" ಎನ್ನುವ ದಲ್ಲಾಳಿಗಳಿಂದ ದೂರವಿರಿ. ನಮ್ಮಲ್ಲಿ ಪ್ರಾಮಾಣಿಕ ವಕೀಲರು ಬೇಕಾದಷ್ಟು ಜನ ಇದ್ದಾರೆ, ಅವರು ಮಂಚದ ಹತ್ತಿರ ಬರುವುದಿಲ್ಲ.

ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರನ್ನು ಪಡೆಯಬಹುದು. ಉಳಿದವರಲ್ಲಿ ಹೆಚ್ಚಿನವರಿಗೆ ಆದಾಯ ಮಿತಿಯಿದೆ. ಮಡಿಕೇರಿಯಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವಿದೆ. 15100ಕ್ಕೆ ಕರೆ ಮಾಡಿದರೂ ದಾರಿ ತೋರಿಸುತ್ತಾರೆ.

ಎಷ್ಟು ವರ್ಷ ಹಿಡಿಯುತ್ತದೆ? ಲೋಕ ಅದಾಲತ್‌ನಲ್ಲಿ ಮುಗಿಸಿಕೊಳ್ಳಲೇ?

ನಾನು ನೋಡಿದ ಹಾಗೆ ಎರಡರಿಂದ ಮೂರು ವರ್ಷ. ಅರ್ಜಿ ಹಾಕಿದ ದಿನದಿಂದ ಬಡ್ಡಿ ಸೇರುತ್ತದೆ, ನಮ್ಮಲ್ಲಿ ಸಾಮಾನ್ಯವಾಗಿ ವರ್ಷಕ್ಕೆ ಶೇ. 6. ತೀರ್ಪು ಕಡಿಮೆಯೆನಿಸಿದರೆ 90 ದಿನದೊಳಗೆ ಬೆಂಗಳೂರಿನ ಹೈಕೋರ್ಟಿಗೆ ಮೇಲ್ಮನವಿ. ಲೋಕ ಅದಾಲತ್‌ನಲ್ಲಿ ಬೇಗ ಮುಗಿಯುತ್ತದೆ, ಆದರೆ ಒಪ್ಪಿಕೊಂಡ ಮೇಲೆ ಮೇಲ್ಮನವಿಯಿಲ್ಲ. ಸಣ್ಣ ಗಾಯವಾದರೆ ನಾನೇ ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ದೊಡ್ಡ ಊನವಾದರೆ ಮೇಲಿನ ಗುಣಕದ ಲೆಕ್ಕ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೂರಿ, ಅವರು ಹೇಳುವ ಅಂಕೆಯನ್ನು ಅದರ ಪಕ್ಕ ಇಟ್ಟು ನೋಡಿ. ಹಣ ನಿಮ್ಮ ಹೆಸರಿನ ಖಾತೆಗೇ ಬರಬೇಕು. ಒಂದು ಭಾಗವನ್ನು ಕೋರ್ಟು ಠೇವಣಿ ಇಡಿಸುವುದುಂಟು. ಸಿಟ್ಟು ಮಾಡಿಕೊಳ್ಳಬೇಡಿ, ಸಾಲ ಕೇಳುವ ನೆಂಟರಿಂದ ಅದು ಉಳಿಯುತ್ತದೆ.

ಯಾವ ಯಾವ ಕಾಗದ ಜೋಪಾನ ಮಾಡಬೇಕು?

ಎಫ್‌ಐಆರ್, ಮಹಜರು, ಗಾಯದ ಪ್ರಮಾಣಪತ್ರ, ಡಿಸ್ಚಾರ್ಜ್ ಸಮ್ಮರಿ, ಪ್ರತಿಯೊಂದು ಬಿಲ್ಲು, ಔಷಧಿ ಚೀಟಿ, ಆಟೋ ಬಾಡಿಗೆಯ ರಸೀದಿ, ಆಧಾರ್, ಪಾಸ್‌ಬುಕ್. ಬಿಲ್ಲಿಗೆ ಹೊಂದುವ ಡಾಕ್ಟರ ಚೀಟಿ ಇಲ್ಲದಿದ್ದರೆ ಆ ಬಿಲ್ಲನ್ನು ಪಕ್ಕಕ್ಕಿಡುತ್ತಾರೆ, ಎರಡನ್ನೂ ಒಟ್ಟಿಗೆ ಪಿನ್ ಮಾಡಿ.

ಕೊಡಗಿನಲ್ಲಿ ಇದಕ್ಕೊಂದು ಶತ್ರುವಿದೆ, ಮಳೆಗಾಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಲೈನ್ ಮನೆಯಲ್ಲಿ ಚಪ್ಪಲಿಗೂ ಬೂಸ್ಟು ಹಿಡಿಯುತ್ತದೆ, ಕಾಗದ ಉಳಿಯುತ್ತದೆಯೇ? ಎಕ್ಸ್‌ರೇ ಫಿಲ್ಮುಗಳು ಒಂದಕ್ಕೊಂದು ಅಂಟಿಕೊಂಡು, ಬಿಡಿಸಲು ಹೋದರೆ ಮೂಳೆಯ ಚಿತ್ರವೇ ಕಿತ್ತು ಬಂದದ್ದನ್ನು ನೋಡಿದ್ದೇನೆ. ಮೆಡಿಕಲ್ ಅಂಗಡಿಯ ನುಣುಪು ಬಿಲ್ಲು ಆರು ತಿಂಗಳಲ್ಲಿ ಬಿಳಿ ಹಾಳೆಯಾಗುತ್ತದೆ, ಸಿಕ್ಕಿದ ವಾರವೇ ಜೆರಾಕ್ಸ್ ಮಾಡಿಸಿ. ಎಲ್ಲದರ ಫೋಟೋ ತೆಗೆದು ಮನೆಯ ಇಬ್ಬರ ಮೊಬೈಲಿಗೆ ಕಳಿಸಿ. ಎಕ್ಸ್‌ರೇಗಳ ನಡುವೆ ಒಂದೊಂದು ಒಣ ಹಾಳೆ ಇಟ್ಟು, ದಪ್ಪ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ಮುಚ್ಚಳವಿರುವ ಸ್ಟೀಲ್ ಡಬ್ಬಿಯಲ್ಲಿಡಿ. ಒಲೆಯ ಮೇಲಿನ ಅಟ್ಟ ಬೆಚ್ಚಗಿದೆ ಎಂದು ಅಲ್ಲಿಡಬೇಡಿ, ಶಾಖಕ್ಕೆ ಬಿಲ್ಲು ಕಪ್ಪಾಗುತ್ತದೆ, ಫಿಲ್ಮು ಸುರುಟಿಕೊಳ್ಳುತ್ತದೆ. ಬಿಸಿಲು ಕಂಡ ದಿನ ಡಬ್ಬಿಯ ಮುಚ್ಚಳ ತೆಗೆದು ಜಗಲಿಯಲ್ಲಿ ಸ್ವಲ್ಪ ಹೊತ್ತು ಇಟ್ಟು, ಮಳೆ ಬರುವ ಮೊದಲು ಒಳಗೆ ತನ್ನಿ.